ಗಂಡಸರು ಮಾಡಿದ ಮೊಂತಿ ಹಬ್ಬ

ಈ ಸಲದ ಮೊಂತಿ ಹಬ್ಬಕ್ಕೆ ನಮ್ಮ ಮನೆಯ ಹೆಂಗಸರು ಯಾರೂ ಅಡುಗೆಮನೆಯ ಹೊಸ್ತಿಲು ದಾಟಬಾರದು, ಬಡಿಸಿಟ್ಟ ಎಲೆಯ ಮುಂದೆ ಬಂದು ಕೂತರೆ ಸಾಕು ಎಂದು ನಾನು ಘೋಷಿಸಿದಾಗ ಇಡೀ ಮನೆ ಒಂದು ಗಳಿಗೆ ಸುಮ್ಮನಾಯಿತು. ಆ ಮೌನವನ್ನು ನಾನು ಗೌರವ ಎಂದು ತಿಳಿದೆ. ಅದು ಹೆದರಿಕೆ ಎಂದು ಗೊತ್ತಾದದ್ದು ಮರುದಿನ.

ನಾನು ಆಗ ಗುಂಡ್ಯದ ಹತ್ತಿರ ಒಂದು ಮರದ ಡಿಪೋದಲ್ಲಿ ರೈಟರ್ ಆಗಿದ್ದೆ. ಘಟ್ಟದಿಂದ ಇಳಿದ ದಿಮ್ಮಿಗಳನ್ನು ಅಳೆಸಿ, ಆಳುಗಳಿಗೆ ಹುಕುಂ ಕೊಟ್ಟು ಲಾರಿಗೆ ಹೇರಿಸುವ ಉದ್ಯೋಗ. ಕಲ್ಲಿನಷ್ಟು ಭಾರದ ಬೋಗಿ ಮರದ ದಿಮ್ಮಿಯನ್ನೇ ಅಲುಗಿಸಿದವನಿಗೆ ಅಲಸಂಡೆ ಯಾವ ಲೆಕ್ಕ? ಹಬ್ಬಕ್ಕೆ ರಜೆ ಹಾಕಿ ಪುತ್ತೂರು ಕಡೆಯ ಸವಣೂರಿನ ಬಳಿಯ ನಮ್ಮ ಮನೆಗೆ ಬಂದವನು ಚಹಾ ಕುಡಿದು ಮುಗಿಸುವ ಮೊದಲೇ ಈ ಘೋಷಣೆ ಹೊರಡಿಸಿದ್ದೆ.

ನಮ್ಮದು ದೊಡ್ಡ ಕುಟುಂಬ. ಅಪ್ಪ ತೀರಿಹೋದ ಮೇಲೆ ಮಾಂಯ್ ಯಜಮಾನಿ. ಕೊಂಕಣಿಯಲ್ಲಿ ತಾಯಿಯನ್ನು ನಾವು ಕರೆಯುವುದು ಹಾಗೆ. ಅಣ್ಣಂದಿರು, ಅತ್ತಿಗೆಯಂದಿರು, ಮದುವೆಯಾಗಿ ಹೋಗಿ ಹಬ್ಬಕ್ಕೆ ಬಂದ ಅಕ್ಕಂದಿರು, ಮದುವೆಯಾಗದ ತಮ್ಮ ಇನಾಸ, ಮತ್ತು ಎಣಿಸಲು ಕೂತರೆ ಎಣಿಸುವವನ ಕಾಲಡಿಯಿಂದಲೇ ನುಸುಳಿ ಹೋಗುವ ಮಕ್ಕಳು. ಇಷ್ಟು ಜನಕ್ಕೆ ದಿನಾ ಬೇಯಿಸುವ ಹೆಂಗಸರಿಗೆ ಹಬ್ಬ ಎಂದರೆ ಇನ್ನೂ ದೊಡ್ಡ ಹಂಡೆ, ಇನ್ನೂ ಹೆಚ್ಚು ಹೊಗೆ. ಆ ಅನ್ಯಾಯವನ್ನು ನಿಲ್ಲಿಸಲು ದೇವರು ನನ್ನನ್ನು ಗುಂಡ್ಯದಿಂದ ಕಳಿಸಿದ್ದಾನೆ ಎಂಬುದು ನನ್ನ ನಂಬಿಕೆ.

ಮೊಂತಿ ಹಬ್ಬ ಸರಳವಾದ ಹಬ್ಬ. ಮಾತೆ ಮರಿಯಮ್ಮನ ಹುಟ್ಟಿದ ದಿನ, ಹೊಸ ಬೆಳೆಗೆ ದೇವರಿಗೆ ಉಪಕಾರ ಹೇಳುವ ದಿನ. ಮೀನು, ಮಾಂಸ ಇಲ್ಲ, ಗೌಜಿ ಗದ್ದಲವೂ ಇಲ್ಲ. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತರಬೇಕು. ಅದರ ಕಾಳು ಸುಲಿದು, ತೆಂಗಿನ ಹಾಲು ಬೆಲ್ಲದಲ್ಲಿ ಹಾಕಿ, ಹಿರಿಯರು ತಮ್ಮ ಕೈಯಿಂದ ಒಬ್ಬೊಬ್ಬರಿಗೂ ಕೊಡಬೇಕು. ಆಮೇಲೆ ಎಲ್ಲರೂ ಸಾಲಾಗಿ ಕೂತು ತರಕಾರಿ ಊಟ.

ಆ ವರ್ಷ ಇದು ಬರೀ ಹಬ್ಬವಾಗಿರಲಿಲ್ಲ. ಮಳೆಗಾಲದ ಮೊದಲಿಗೆ ಮಾಂಯ್ ವಿಷಮಶೀತ ಜ್ವರ ಹಿಡಿದು ಮಲಗಿದ್ದರು. ಪುತ್ತೂರಿನಿಂದ ಬಂದ ಡಾಕ್ಟರರು ತಲೆ ಅಲ್ಲಾಡಿಸಿದ್ದರು. ಪಾದ್ರಿಗಳು ಬಂದು, ಸಾಯುವವರಿಗೆ ಹಚ್ಚುವ ಕಡೆಯ ಎಣ್ಣೆ ಹಚ್ಚಿ ಪ್ರಾರ್ಥಿಸಿ ಹೋಗಿದ್ದರು. ಅದಾದ ಮರುದಿನ ಮಾಂಯ್ ಕಣ್ಣುಬಿಟ್ಟು, ಗಂಜಿಗೆ ಉಪ್ಪಿನಕಾಯಿ ಉಂಟಾ ಎಂದು ಕೇಳಿದ್ದರು. ಅಂದಿನಿಂದ ಅವರದು ಒಂದೇ ಮಾತು: "ಈ ಸಲ ಹೊಸ ಅಕ್ಕಿ ನನ್ನ ಕೈಯಿಂದಲೇ ಕೊಡುದು. ಮರಿಯಮ್ಮನಿಗೆ ಹೇಳಿ ಆಗಿದೆ."

ಆ ತೆನೆ ತರುವ ಜವಾಬ್ದಾರಿಯನ್ನೂ ನಾನೇ ವಹಿಸಿಕೊಂಡೆ. ನನ್ನ ಹೆಂಡತಿ ಕಾರ್ಮಿಣ್ ಮಾತ್ರ ನನ್ನನ್ನು ಬಾವಿಕಟ್ಟೆಯ ಬಳಿ ತಡೆದಳು.

"ನಿಮಗೆ ಅಡುಗೆ ಎಂತ ಗೊತ್ತುಂಟು?"

"ಡಿಪೋದಲ್ಲಿ ಅಷ್ಟು ಆಳುಗಳನ್ನು ಆಳುತ್ತೇನೆ. ನಾಲ್ಕು ಪಾತ್ರೆಗಳನ್ನು ಆಳಲಿಕ್ಕೆ ಆಗುದಿಲ್ಲವಾ?"

"ಆಳುಗಳು ಹೇಳಿದ್ದನ್ನು ಕೇಳುತ್ತಾರೆ. ಅಕ್ಕಿ ಕೇಳುದಿಲ್ಲ."

"ನೀನು ಸೀರೆ ಉಟ್ಟು ಆರಾಮದಲ್ಲಿ ಪೂಜೆಗೆ ಹೋಗು. ಬಂದು ಕೂತುಕೋ, ಉಣ್ಣು."

ಅವಳು ನನ್ನ ಮುಖವನ್ನೇ ನೋಡಿದಳು. "ಒಳ್ಳೆ ಮಾತು," ಎಂದಳು. "ಕೇಳಲಿಕ್ಕೆ ಲಾಯ್ಕ ಉಂಟು."

ಹಬ್ಬದ ಬೆಳಿಗ್ಗೆ ನಾವು ಗಂಡಸರು ಮೊದಲನೆಯ ಪೂಜೆಗೆ ಹೋದೆವು. ನಾನು ಆಶೀರ್ವಾದದ ತೆನೆಯನ್ನು ಬಾಳೆಎಲೆಯಲ್ಲಿ ಸುತ್ತಿ, ಎದೆಗೊತ್ತಿಕೊಂಡು ರಾಜಕುಮಾರನನ್ನು ಎತ್ತಿಕೊಂಡವನಂತೆ ಮನೆಗೆ ತಂದೆ. ಮಾಂಯ್, ಹೆಂಗಸರು, ಮಕ್ಕಳು ಹೂವಿನ ಬುಟ್ಟಿ ಹಿಡಿದು ಎರಡನೆಯ ಪೂಜೆಗೆ ಹೊರಟರು. ಅಣ್ಣಂದಿರು ಅಡುಗೆಮನೆಯ ಒಳಗೆ ಒಮ್ಮೆ ಇಣುಕಿ ನೋಡಿ, ಅಲ್ಲಿದ್ದ ತರಕಾರಿಯ ರಾಶಿಯನ್ನು ಕಂಡು, ಎರಡನೆಯ ಪೂಜೆಯನ್ನೂ ಕೇಳುವ ಮನಸ್ಸಾಗಿದೆ ಎಂದರು. ವರ್ಷವಿಡೀ ಇಗರ್ಜಿಯ ಹೊರಗೆ ಮರದ ನೆರಳಲ್ಲಿ ನಿಂತೇ ಪೂಜೆ ಮುಗಿಸುವ ಅಣ್ಣಂದಿರಿಗೆ ಅಂಥ ಭಕ್ತಿ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಉಳಿದವರು ನಾನು ಮತ್ತು ಇನಾಸ. ಕೈ ಖಾಲಿ ಬೇಕಿತ್ತಲ್ಲ, ತೆನೆಯ ಪೊಟ್ಟಣವನ್ನು ಜಗಲಿಯ ಮೇಲಿದ್ದ ಬುಟ್ಟಿಯಲ್ಲಿ ಇಟ್ಟೆ. ದೊಡ್ಡ ಒಲೆಗೆ ಕಟ್ಟಿಗೆ ತುರುಕಿ, ಕುಚ್ಚಲಕ್ಕಿಯ ಹಂಡೆ ಏರಿಸಿದೆ. ನೀರೆಷ್ಟು ಹಾಕಬೇಕೆಂದು ಇನಾಸ ಕೇಳಿದ. ಕಂಡಾಪಟ್ಟೆ ಹಾಕು ಎಂದೆ. ಬೆಂಡೆ, ಹೀರೆ, ಅಲಸಂಡೆ, ಕೆಸುವಿನ ದಂಟು, ಸೌತೆ, ಕುಂಬಳ, ಹರಿವೆ ಎಲ್ಲವೂ ನಮ್ಮನ್ನು ನೋಡುತ್ತಾ ಬಿದ್ದಿದ್ದವು. ನಾವು ಹೆಚ್ಚತೊಡಗಿದೆವು. ಬೆಂಡೆ ಕೈಗೆ ಅಂಟಿತು. ಕೆಸುವು ತುರಿಸಿತು. ತುರಿಸಿದ ಕೈಯಿಂದ ಇನಾಸ ಕಣ್ಣು ಉಜ್ಜಿಕೊಂಡು, ಆಮೇಲೆ ತುಸು ಹೊತ್ತು ಒಂದೇ ಕಣ್ಣಿನಲ್ಲಿ ಹೆಚ್ಚಿದ.

ನೆಲದ ತುಂಬ ಸಿಪ್ಪೆ, ನಾರು, ದಂಟು. ಡಿಪೋದ ಶಿಸ್ತು ನನ್ನೊಳಗೆ ಎದ್ದು ನಿಂತಿತು.

"ಇನಾಸ, ಮೊದಲು ಜಾಗ ಚೊಕ್ಕ ಮಾಡು. ಹಸಿರು ಕಂಡದ್ದನ್ನೆಲ್ಲ ಬುಟ್ಟಿಗೆ ತುಂಬಿಸಿ ಹಟ್ಟಿಗೆ ಹಾಕಿ ಬಾ. ಬೊಳ್ಳಿಗೂ ಹಬ್ಬ ಆಗಲಿ."

ಬೊಳ್ಳಿ ಹಟ್ಟಿಯಲ್ಲಿ ಕಟ್ಟಿದ್ದ ನಮ್ಮ ಬಿಳಿ ದನ. ಇನಾಸ ವಿಧೇಯ ಹುಡುಗ. ಜಗಲಿಯಲ್ಲಿದ್ದ ಬುಟ್ಟಿಯನ್ನೇ ತಂದು, ಅದರ ಮೇಲೆಯೇ ಸಿಪ್ಪೆ ತುಂಬಿಸಿ, ಹಟ್ಟಿಗೆ ಹೋಗಿ ಸುರಿದು ಬಂದ. ಸ್ವಲ್ಪ ಹೊತ್ತಿನ ಮೇಲೆ ತೆನೆಯನ್ನು ದೇವರ ಪೀಠದಲ್ಲಿ ಇಡೋಣ ಎಂದು ನಾನು ಜಗಲಿಗೆ ಬಂದೆ. ಜಗಲಿ ಚೊಕ್ಕವಾಗಿತ್ತು.

"ಇನಾಸ, ಇಲ್ಲಿ ಒಂದು ಬಾಳೆಎಲೆಯ ಪೊಟ್ಟಣ ಇತ್ತಲ್ಲ?"

"ಬಾಳೆಎಲೆ ಹಸಿರು ಅಲ್ಲವಾ ಅಣ್ಣ?"

ನಾವಿಬ್ಬರೂ ಹಟ್ಟಿಗೆ ಓಡಿದೆವು. ಬೊಳ್ಳಿ ಬಾಳೆಎಲೆಯನ್ನು ಮುಗಿಸಿ ತೆನೆಗೆ ಬಂದಿತ್ತು. ಬಾಯಿಯ ಒಂದು ಕಡೆಯಿಂದ ಎರಡು ತೆನೆ ಮೀಸೆಯ ಹಾಗೆ ಜೋಲುತ್ತಿದ್ದವು. ನಾನು ಒಂದು ಹಿಡಿದು ಎಳೆದೆ. ಅದು ತನ್ನ ಕಡೆಗೆ ಎಳೆಯಿತು. ನಾನು ಇನ್ನೂ ಜೋರಾಗಿ ಎಳೆದೆ. ಅದು ಥಟ್ಟನೆ ಬಾಯಿ ಸಡಿಲಿಸಿ ಬಿಟ್ಟುಕೊಟ್ಟಿತು. ಅಷ್ಟು ಉದಾರಬುದ್ಧಿಯನ್ನು ನಾನು ಅದರಿಂದ ನಿರೀಕ್ಷಿಸಿರಲಿಲ್ಲ. ಹಿಂದಕ್ಕೆ ಹೋದೆ, ಹೋಗುತ್ತಲೇ ಇದ್ದೆ, ಗೊಬ್ಬರದ ಗುಂಡಿಯಲ್ಲಿ ನಿಂತೆ. ನಿಂತೆ ಎಂದೆನಲ್ಲ, ಅದು ಮರ್ಯಾದೆಗೆ. ಹಬ್ಬದ ಅಂಗಿ, ಬಿಳಿ ಮುಂಡು ಎರಡೂ ಬಣ್ಣ ಬದಲಾಯಿಸಿದವು. ಕೈಯಲ್ಲಿದ್ದದ್ದು ಕಾಳಿಲ್ಲದ ಹುಲ್ಲುಕಡ್ಡಿ.

ಬೊಳ್ಳಿಯ ಬಾಯಿಂದ ಕೆಳಗೆ ಬಿದ್ದು ಜೊಲ್ಲು ಸುರಿಯುತ್ತಿದ್ದ ಇನ್ನೊಂದು ತೆನೆಯನ್ನು ಇನಾಸ ಎತ್ತಿ ತೋರಿಸಿದ. "ಇದರಲ್ಲಿ ಸ್ವಲ್ಪ ಕಾಳು ಉಂಟು ಅಣ್ಣ."

"ಜಗಿದದ್ದನ್ನು ಮಾಂಯ್ ಕೈಗೆ ಕೊಡುದಾ? ಬಿಸಾಡು."

ಸಾವಿನ ಬಾಗಿಲಿನಿಂದ ಎದ್ದುಬಂದ ಹೆಂಗಸು ಇಡೀ ಮಳೆಗಾಲ ಕಾದದ್ದು ಆ ಒಂದು ಹಿಡಿ ಕಾಳಿಗೆ. ನಮ್ಮ ಗದ್ದೆಯಲ್ಲಿ ನಾಟಿ ತಡವಾಗಿ, ಭತ್ತ ಇನ್ನೂ ಹಾಲುಗಟ್ಟುತ್ತಿತ್ತು. ಹಾಗಾಗಿ ಗದ್ದೆ ದಾಟಿ ನೆರೆಯ ಕುಕ್ಕಪ್ಪ ಗೌಡರಲ್ಲಿಗೆ ಓಡಿದೆ. ಅವರು ಗದ್ದೆಯ ಬದುವಿನಲ್ಲಿಯೇ ನಿಂತಿದ್ದರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಗಾಳಿ ಬೀಸುವ ದಿಕ್ಕನ್ನೂ ನೋಡಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

"ಎಂತ ಪೊರ್ಬುಗಳೇ, ಹಬ್ಬದ ದಿನ ಗೊಬ್ಬರ ಹೊರುದಾ?"

ಕೊಂಕಣಿ ಕ್ರೈಸ್ತರಾದ ನಮ್ಮನ್ನು ಊರವರು ಕರೆಯುವುದು ಪೊರ್ಬುಗಳು ಎಂದು. ನಾನು ನಡೆದದ್ದನ್ನು ಹೇಳಿದೆ. ಗೌಡರು ನಗಲಿಲ್ಲ. ನಗದಿರಲು ಅವರು ಪಟ್ಟ ಕಷ್ಟ ಅವರ ಹೊಟ್ಟೆಯಲ್ಲಿ ಕಾಣಿಸುತ್ತಿತ್ತು.

"ನಮ್ಮಲ್ಲಿ ಹೊಸ ಅಕ್ಕಿ ಊಟ ಹೋದ ವಾರವೇ ಆಯಿತು. ಬೇಕಾದಷ್ಟು ಕೊಯ್ಯಿರಿ," ಎಂದು ತಾವೇ ಕತ್ತಿ ತೆಗೆದು ಒಂದು ಹಿಡಿ ತೆನೆ ಕೊಯ್ದು ಕೊಟ್ಟರು. "ಅಡುಗೆ ಯಾರು ನೋಡಿಕೊಳ್ಳುದು ಈಗ?"

"ನಾನೇ," ಎಂದೆ.

ಗೌಡರು ತಮ್ಮ ಮನೆಯ ಕಡೆಗೊಮ್ಮೆ ತಿರುಗಿ ನೋಡಿದರು.

ತೆನೆ ಸಿಕ್ಕಿತು, ಆಶೀರ್ವಾದ ಇಲ್ಲ. ಎರಡನೆಯ ಪೂಜೆ ಮುಗಿಯುವ ಮೊದಲು ಒಳದಾರಿಯಿಂದ ಇಗರ್ಜಿಗೆ ಮುಟ್ಟಿದರೆ ಪಾದ್ರಿಗಳನ್ನು ಹಿಂಬಾಗಿಲಲ್ಲಿ ಹಿಡಿಯಬಹುದು ಎಂದು ಲೆಕ್ಕ ಹಾಕಿ ಓಡಿದೆ. ಅರ್ಧ ದಾರಿಯಲ್ಲಿ, ಒಬ್ಬರು ಇನ್ನೊಬ್ಬರನ್ನು ದಾಟಲಾಗದಂಥ ಗದ್ದೆಯ ಬದುವಿನ ಮೇಲೆ, ಎದುರಿಗೆ ಬಂತು ನಮ್ಮ ಇಡೀ ಕುಟುಂಬ.

ಮುಂದೆ ಮಾಂಯ್. ನನ್ನ ಕೈಯ ತೆನೆಯನ್ನು ನೋಡಿದರು. ಅವರ ಕಣ್ಣು ತುಂಬಿಬಂತು.

"ನೋಡಿ ಮಕ್ಕಳೇ," ಎಂದರು, "ನನ್ನ ಮಗ ತೆನೆ ಹಿಡಿದು ನನ್ನನ್ನು ಎದುರುಗೊಳ್ಳಲಿಕ್ಕೆ ಬಂದಿದ್ದಾನೆ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಕ್ಕಳು ಮರಿಯಮ್ಮನ ಹಾಡು ಎತ್ತಿಕೊಂಡು, ಬುಟ್ಟಿಯಲ್ಲಿ ಉಳಿದ ಹೂವನ್ನೆಲ್ಲ ನನ್ನ ಮೇಲೆ ಎಸೆಯತೊಡಗಿದರು. ಗೊಬ್ಬರದ ಅಂಗಿಗೆ ಹೂವು ಚೆನ್ನಾಗಿ ಅಂಟಿಕೊಳ್ಳುತ್ತದೆ ಎಂದು ಆ ದಿನ ತಿಳಿಯಿತು. ಅಣ್ಣಂದಿರು ಗಂಭೀರವಾಗಿ ಟೋಪಿ ತೆಗೆದರು. ನಾನು ತೆನೆ ಎತ್ತಿ ಹಿಡಿದು ಮೆರವಣಿಗೆಯ ಮುಂದೆ ನಡೆದೆ. ಬೇರೆ ದಾರಿಯೇ ಇರಲಿಲ್ಲ, ಬದು ಅಷ್ಟು ಸಪೂರ.

ಬದು ಮುಗಿದು ದಾರಿ ಅಗಲವಾದಲ್ಲಿ ಕಾರ್ಮಿಣ್ ನನ್ನ ಪಕ್ಕಕ್ಕೆ ಬಂದಳು. ಹಾಡಿನ ನಡುವೆ ಮೆಲ್ಲಗೆ ಕೇಳಿದಳು.

"ಇದು ಎಂತ ವಾಸನೆ?"

"ಹಟ್ಟಿಗೆ ಹೋಗಿದ್ದೆ."

"ಅದಲ್ಲ. ಸೀದ ವಾಸನೆ."

ಅಂಗಳಕ್ಕೆ ಬಂದಾಗ ಅಡುಗೆಮನೆಯ ಹಂಚಿನ ಸಂದಿಗಳಿಂದೆಲ್ಲ ಹೊಗೆ ಏಳುತ್ತಿತ್ತು. ಕಂಡಾಪಟ್ಟೆ ನೀರು ಎಲ್ಲಿಗೋ ಹೋಗಿ, ಹಂಡೆಯ ತಳದಲ್ಲಿ ಅಕ್ಕಿ ಇದ್ದಿಲಾಗಿತ್ತು. ತರಕಾರಿಗಳನ್ನು ಒಬ್ಬನೇ ಬೇರೆಬೇರೆ ಬೇಯಿಸುವುದು ಹೇಗೆಂದು ತಿಳಿಯದ ಇನಾಸ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿದ್ದ. ಹಂಡೆಯ ಮುಂದೆ ಕಪ್ಪು ಮುಖ ಮಾಡಿಕೊಂಡು ಕೂತಿದ್ದ ಅವನು ಮಾಂಯ್‌ಯನ್ನು ಕಂಡದ್ದೇ ಎದ್ದು ನಿಂತು, ಒಳ್ಳೆಯ ಸುದ್ದಿ ಮೊದಲು ಹೇಳಿದ.

"ಹೆದರಬೇಡಿ ಮಾಂಯ್. ಬೊಳ್ಳಿ ತಿಂದು ಉಳಿಸಿದ ತೆನೆಯನ್ನು ತೊಳೆದು ದೇವರ ಪೀಠದಲ್ಲಿ ಇಟ್ಟಿದ್ದೇನೆ."

ಹಾಡು ನಿಂತಿತು. ಎಲ್ಲರೂ ನನ್ನನ್ನು ನೋಡಿದರು. ನಾನು ನನ್ನ ಕೈಯಲ್ಲಿದ್ದ ತೆನೆಯನ್ನು ನೋಡಿದೆ. ಆಮೇಲೆ ಎಲ್ಲವನ್ನೂ ಹೇಳಿದೆ, ಗುಂಡಿಯೂ ಸೇರಿ. ಹೇಳಿ ಮುಗಿಸಿದಾಗ ಮಾಂಯ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಹತ್ತಿರ ಹೋದೆ. ಜ್ವರ ಬಂದು ಹೋದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು. ನಗು ಹಿಡಿದುಕೊಳ್ಳಲಾಗದೆ ಜಗಲಿಯಲ್ಲಿ ಕೂತುಬಿಟ್ಟರು.

"ಇಷ್ಟು ತಿಂಗಳು ನನಗೆ ಹಾಲು ಕೊಟ್ಟದ್ದು ಬೊಳ್ಳಿ," ಎಂದರು ಕಣ್ಣೊರೆಸಿಕೊಂಡು. "ಅದಕ್ಕೆ ಮೊದಲ ತುತ್ತು ಹೋದರೆ ಮರಿಯಮ್ಮನಿಗೆ ಎಂತ ಬೇಜಾರು ಉಂಟು?"

ಇನಾಸ ಉಳಿಸಿದ ತೆನೆಯ ಕಾಳನ್ನೂ ಗೌಡರು ಕೊಟ್ಟ ತೆನೆಯ ಕಾಳನ್ನೂ ಒಟ್ಟಿಗೆ ಸುಲಿಯಲು ಹೇಳಿದರು. ಆಶೀರ್ವಾದ ಬೆರೆಸಿದರೆ ತೆಳ್ಳಗಾಗುವ ವಸ್ತು ಅಲ್ಲವಂತೆ. ಆ ಹೊತ್ತಿಗೆ ಅಂಗಳದ ತುದಿಯಲ್ಲಿ ಗೌಡರ ಹೆಂಡತಿ ದೇವಮ್ಮ ಕಾಣಿಸಿದರು. ತಲೆಯ ಮೇಲೆ ಅನ್ನದ ತಪ್ಪಲೆ, ಹಿಂದೆ ಸೌತೆಯ ಹುಳಿ ಹೊತ್ತ ಗೌಡರು.

"ಇವತ್ತು ನಿಮ್ಮಲ್ಲಿ ಗಂಡಸರ ಅಡುಗೆ ಅಂತ ಇವರು ಹೇಳಿದರು," ಎಂದರು ದೇವಮ್ಮ. "ಹಾಗೆ ಬೇಗ ಬೇಗ ಬೇಯಿಸಿ ತಂದೆ."

ಇನಾಸನ ಒಂದೇ ಪಾತ್ರೆಯ ಪದಾರ್ಥಕ್ಕೆ ಹಿರಿಯ ಅತ್ತಿಗೆ ಅಂಬಟೆಕಾಯಿ ಜಜ್ಜಿ ಹಾಕಿ, ತೆಂಗಿನಕಾಯಿ ಅರೆದು ಹಾಕಿ, ಅದನ್ನು ಉಣ್ಣುವ ಹದಕ್ಕೆ ತಂದರು. ಉದ್ದ ಜಗಲಿಯಲ್ಲಿ ಬಾಳೆಎಲೆ ಹಾಕಿ ಎಲ್ಲರೂ ಕೂತೆವು. ಗೌಡರೂ ದೇವಮ್ಮನೂ ಕೂತರು. ಒಂದು ಅನ್ನ, ಒಂದು ಹುಳಿ, ಒಂದು ಹೆಸರಿಲ್ಲದ ಪದಾರ್ಥ. ಅದಕ್ಕಿಂತ ಸರಳವಾದ ಹಬ್ಬವನ್ನು ನಮ್ಮ ಮನೆ ನೋಡಿರಲಿಲ್ಲ. ಮಾಂಯ್ ಬಟ್ಟಲು ಹಿಡಿದು, ಒಬ್ಬೊಬ್ಬರ ಬಾಯಿಗೂ ಹೊಸ ಅಕ್ಕಿಯ ಹಾಲು ಹಾಕುತ್ತಾ ಬಂದರು. ನನ್ನ ಮುಂದೆ ಬಂದಾಗ ಹೆಚ್ಚು ಹೊತ್ತು ನಿಂತರು. ಒಂದು ಚಮಚ ಹೆಚ್ಚಿಗೆ ಹಾಕಿದರು.

ಊಟಕ್ಕೆ ಮೊದಲು ಪ್ರತಿಯೊಬ್ಬರೂ ದೇವರಿಗೆ ಉಪಕಾರ ಹೇಳಬೇಕು, ಅದು ನಮ್ಮ ಮನೆಯ ಕ್ರಮ. ಮಳೆಗೆ, ಬೆಳೆಗೆ, ಮಾಂಯ್‌ಯ ಜೀವಕ್ಕೆ, ನೆರೆಯವರ ಅನ್ನಕ್ಕೆ, ಎಲ್ಲಕ್ಕೂ ಉಪಕಾರ ಸಂದಿತು. ಕಾರ್ಮಿಣ್‌ಳ ಸರದಿ ಬಂತು. ಅವಳು ಕೈಮುಗಿದು ಕಣ್ಣು ಮುಚ್ಚಿದಳು.

"ದೇವರೇ, ನನ್ನ ಗಂಡನಿಗೆ ಇಷ್ಟು ಒಳ್ಳೆ ಮನಸ್ಸು ಕೊಟ್ಟಿದ್ದೀ, ನಿನಗೆ ಉಪಕಾರ." ನಾನು ತಲೆ ಎತ್ತಿ ಕೂತೆ. "ಆ ಮನಸ್ಸು ಅವರಿಗೆ ವರ್ಷಕ್ಕೆ ಒಂದೇ ಸಲ ಬರುವ ಹಾಗೆ ಮಾಡಿದ್ದೀ, ಅದಕ್ಕೆ ಇನ್ನೂ ದೊಡ್ಡ ಉಪಕಾರ."

ಎಲ್ಲರೂ ಆಮೆನ್ ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಎಂದವರು ಮಾಂಯ್.