ಸೋತವರಿಗೆ ಮೊದಲ ಪಂಕ್ತಿ

ಮದುವೆಮನೆಯಲ್ಲಿ ಮೊದಲ ಪಂಕ್ತಿಗೇ ಜಾಗ ಹಿಡಿದು ಕೂರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಹಾಗೆ ಜಾಗ ಹಿಡಿಯುವುದು ಹುಟ್ಟಿನಿಂದಲೇ ಬರಬೇಕಾದ ಗುಣ. ಎಸೆದ ಅಕ್ಷತೆ ವಧೂವರರ ಮೇಲೆ ಬಿತ್ತೋ ಪುರೋಹಿತರ ಮೇಲೆ ಬಿತ್ತೋ ನೋಡದೆ, ಒಂದೇ ಉಸಿರಿಗೆ ಮೆಟ್ಟಿಲಿಳಿದು ಎಲೆಯ ಮುಂದೆ ಕೂರುವುದಕ್ಕೆ ಗಟ್ಟಿ ಮನಸ್ಸು ಬೇಕು. ನನಗೆ ಅದಿಲ್ಲ. ಈಗಲೇ ಹೋಗಲೇ, ಒಂದು ಪಂಕ್ತಿ ಮುಗಿಯುವವರೆಗೆ ಕಾಯಲೇ, ಮುಯ್ಯಿ ಕೊಟ್ಟು ಉಣ್ಣಲೇ, ಉಂಡು ಬಂದು ಕೊಡಲೇ ಎಂದು ಯೋಚಿಸುತ್ತಾ ನಿಂತಿರುತ್ತೇನೆ. ಕೊನೆಗೆ ಮಜ್ಜಿಗೆ ಕುಡಿಯುತ್ತಿರುವ ಯಾರದೋ ಬೆನ್ನ ಹಿಂದೆ ಅವರ ಕುರ್ಚಿ ಹಿಡಿದುಕೊಂಡು, ಅವರು ಏಳುವುದನ್ನೇ ಕಾಯುವ ಗತಿ ಬರುತ್ತದೆ. ಮೂರನೆಯ ಪಂಕ್ತಿಯ ಹೊತ್ತಿಗೆ ಹೋಳಿಗೆ ಅರ್ಧರ್ಧ ಆಗಿರುತ್ತದೆ, ಪಾಯಸಕ್ಕೆ ನೀರು ಸೇರಿರುತ್ತದೆ, ಬಡಿಸುವವರಿಗೆ ನಮ್ಮ ಮುಖ ಕಂಡರೆ ಆಗುವುದಿಲ್ಲ.

ಇಂಥ ನನಗೂ ಕೆಲವು ವರ್ಷ ಭಾನುವಾರ ಭಾನುವಾರ ಮೊದಲ ಪಂಕ್ತಿ ಸಿಕ್ಕಿತ್ತು. ಸಿಕ್ಕಿದ್ದು ಬಾಸ್ಕೆಟ್‌ಬಾಲಿನಿಂದ. ನನ್ನ ಎತ್ತರ ನೋಡಿದವರು ಇದನ್ನು ನಂಬುವುದಿಲ್ಲ. ಬೀರುವಿನ ಮೇಲಿರುವ ಸೂಟ್‌ಕೇಸ್ ಇಳಿಸಬೇಕಾದರೆ ನಮ್ಮ ಮನೆಯಲ್ಲಿ ನಾನು ಹೆಂಡತಿಯನ್ನು ಕರೆಯುತ್ತೇನೆ. ನಾನು ಆಡುವವನಲ್ಲ, ಹುಣಸೂರಿನ ನಮ್ಮ ಕ್ಲಬ್ಬಿನ ಕಾರ್ಯದರ್ಶಿ. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ, ಅಕ್ಷರ ದುಂಡಗಿದೆ, ಯಾರು ಏನು ಹೇಳಿದರೂ ಆಗುವುದಿಲ್ಲ ಎನ್ನುವುದಿಲ್ಲ ಎಂಬ ಮೂರು ಅರ್ಹತೆಗಳ ಮೇಲೆ ನನ್ನನ್ನು ಆರಿಸಿದರು. ಆಟದ ನಿಯಮಗಳು ನನಗೆ ಇವತ್ತಿಗೂ ಅರ್ಧ ಗೊತ್ತು. ಚೆಂಡು ಬುಟ್ಟಿಯೊಳಗೆ ಹೋದರೆ ಚಪ್ಪಾಳೆ ತಟ್ಟುತ್ತೇನೆ. ಒಂದೊಂದು ಸಲ ಅದು ನಮ್ಮದೇ ಬುಟ್ಟಿಯಾಗಿರುತ್ತದೆ.

ನಮ್ಮದು ನಾಲ್ಕು ತಾಲ್ಲೂಕಿನ ಲೀಗು: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಆಟಗಾರರು ಪೂರಾ ಸಂಬಳದವರೂ ಅಲ್ಲ, ಪುಕ್ಕಟೆ ಆಡುವವರೂ ಅಲ್ಲ. ಪಂದ್ಯಕ್ಕಿಷ್ಟು ಎಂದು ಕ್ಲಬ್ಬು ಕೈಗೆ ಕೊಡುತ್ತದೆ. ಉಳಿದ ಆರು ದಿನ ಒಬ್ಬ ಲೈನ್‌ಮನ್, ಒಬ್ಬನದು ಪಂಕ್ಚರ್ ಅಂಗಡಿ, ಇಬ್ಬರದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಹಾಕಿದ ತಿಂಗಳುಗಳಲ್ಲಿ ನಮ್ಮ ಲೀಗಿಗೆ ರಜೆ. ಎಚ್.ಡಿ. ಕೋಟೆಯವರ ಪಂದ್ಯ ಎಲ್ಲೇ ಇರಲಿ ಬೆಳಿಗ್ಗೆಯೇ ಮುಗಿಯಬೇಕು, ಏಕೆಂದರೆ ಅವರಲ್ಲಿ ಅರ್ಧ ಜನ ಎನ್. ಬೇಗೂರು ಕಡೆಯ ಹಾಡಿಗಳವರು, ಆನೆ ರಸ್ತೆಗೆ ಇಳಿಯುವ ಮುಂಚೆ ಮನೆ ಸೇರಬೇಕು. ಇವೆಲ್ಲ ನಿಯಮಾವಳಿಯಲ್ಲಿವೆ. ಇನ್ನೂ ಒಂದು ನಿಯಮವಿದೆ. ಲೀಗಿನ ಮೊದಲ ವರ್ಷ ಕೆ.ಆರ್. ನಗರದಲ್ಲಿ ಸೋತ ಪಿರಿಯಾಪಟ್ಟಣದವರು ಸಿಟ್ಟು ಮಾಡಿಕೊಂಡು ಉಣ್ಣದೆ ಬಸ್ ಹತ್ತಿಬಿಟ್ಟರಂತೆ. ಮಾಡಿದ ಅಡುಗೆಯೆಲ್ಲ ಉಳಿದು, ಗೆದ್ದವರಿಗೂ ಅನ್ನ ಇಳಿಯಲಿಲ್ಲವಂತೆ. ಅಂದಿನಿಂದ, ಯಾರ ಊರಿನಲ್ಲಿ ಆಟವೋ ಅವರು ಅಡುಗೆ ಮಾಡಿಸಬೇಕು, ಸೋತವರು ಮೊದಲ ಪಂಕ್ತಿಗೆ ಕೂರಬೇಕು, ಗೆದ್ದವರು ಬಡಿಸಬೇಕು.

ನಾವು ಸೋಲುತ್ತಿದ್ದೆವು. ಎಂಥ ಸೋಲು ಎಂದರೆ, ಪಂದ್ಯ ಇನ್ನೂ ಅರ್ಧ ಇರುವಾಗಲೇ ಅಡುಗೆಯವರು ಬಂದು ನಮ್ಮಲ್ಲಿ ಎಷ್ಟು ಎಲೆ ಎಂದು ಕೇಳುತ್ತಿದ್ದರು. ಕೆ.ಆರ್. ನಗರದಲ್ಲಿ ನಾಲೆ ನೀರಿನ ಗದ್ದೆಯ ಹೊಸಕ್ಕಿ ಅನ್ನ, ಪಿರಿಯಾಪಟ್ಟಣದಲ್ಲಿ ಅವರೆಕಾಳಿನ ಸಾರು. ಕೋಟೆಯವರ ಕೋರ್ಟು ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರ. ಅಲ್ಲಿ ಮುದ್ದೆ, ನಾಟಿಕೋಳಿ ಸಾರು, ಕಾಲ ಬಂದಾಗ ಎಳೆ ಬಿದಿರಿನ ಕಳಲೆ ಪಲ್ಯ. ಬಡಿಸುವವನು ಅವರ ಕ್ಯಾಪ್ಟನ್ ಚಿಕ್ಕಬೊಮ್ಮ. ಕಾಡಿನಂಚಿನ ಹಾಡಿಯವನು, ಹಗಲು ಕೂಲಿಗೆ ಹೋಗುವವನು, ಹೆಚ್ಚು ಮಾತಿಲ್ಲದವನು. ನನ್ನ ಎಲೆಯ ಮುಂದೆ ಬಂದಾಗ ಮಾತ್ರ ಒಂದು ಕ್ಷಣ ನಿಂತು, ಕೇಳದೆಯೇ ಇನ್ನೊಂದು ಸೌಟು ಹಾಕುತ್ತಿದ್ದ. ಇಂಥ ಸೋಲನ್ನು ಬೇಡ ಎನ್ನಲು ನಾನೇನು ಹುಚ್ಚನೇ?

ಆಮೇಲೆ ಮಂಜ ಬಂದ. ಪಂಕ್ಚರ್ ಅಂಗಡಿಯ ಹುಡುಗ, ಆರಡಿಯ ಮೇಲೆ ಇನ್ನಷ್ಟು. ಟೈರನ್ನು ಹಾಗೇ ಎಸೆದು ಗೋಡೆಯ ಗೂಟಕ್ಕೆ ಸಿಕ್ಕಿಸುತ್ತಿದ್ದವನನ್ನು ಯಾರೋ ನೋಡಿ ಕರೆತಂದರು. ಅವನು ಬಂದದ್ದೇ ತಡ, ನಾವು ಗೆಲ್ಲತೊಡಗಿದೆವು. ಊರಿಗೆಲ್ಲ ಹಬ್ಬ. ನಾನೊಬ್ಬ ಮಾತ್ರ ಭಾನುವಾರ ಮಧ್ಯಾಹ್ನ ಸೊಂಟಕ್ಕೆ ಟವಲು ಕಟ್ಟಿ, ಸಾರಿನ ಬಕೆಟ್ ಹಿಡಿದು, ಉಣ್ಣುವವರ ಬೆನ್ನು ನೋಡುತ್ತಾ ಬಗ್ಗಿ ಬಗ್ಗಿ ನಡೆದೆ. ನನ್ನ ಜೊತೆ ಬಡಿಸಲು ನಮ್ಮ ಬೆಂಚಿನ ಏಳು ಜನ ಇರುತ್ತಿದ್ದರು. ಮಂಜ ಬಂದ ಮೇಲೆ ಅವರಿಗೆ ಬೆಂಚು ಬಿಟ್ಟು ಏಳುವ ಅವಕಾಶ ಸಿಗುತ್ತಿದ್ದದ್ದು ಬಡಿಸುವಾಗ ಮಾತ್ರ. ನನ್ನ ಹೆಂಡತಿ ಸರೋಜಳಂತೂ ಬಹಳ ಖುಷಿಯಾಗಿದ್ದಳು. ಸೋತು ಸೋತು ನಿಮಗೆ ಸಕ್ಕರೆ ಕಾಯಿಲೆ ಬಂತು, ಗೆಲ್ಲೋಕೆ ಶುರು ಮಾಡಿದ ಮೇಲೆ ಹತೋಟಿಗೆ ಬಂತು ಎಂದು ಡಾಕ್ಟರಿಗೂ ಹೇಳಿದಳು.

ಹೀಗಿರುವಾಗ ಮೈಸೂರಿನ ಲೀಗಿನಿಂದ ಕಾಗದ ಬಂತು. ನಿಮ್ಮ ತಂಡದ ಆಟ ಚೆನ್ನಾಗಿದೆ, ಮುಂದಿನ ಸಲದಿಂದ ನಮ್ಮಲ್ಲಿ ಆಡಬಹುದು, ಆದರೆ ಎರಡು ವಾರದೊಳಗೆ ತಿಳಿಸಬೇಕು. ಸಮಿತಿ ಸೇರಿತು. ಮೂವರು ಹೋಗೋಣ ಎಂದರು: ಮಂಜನಂಥವನು ಇಲ್ಲೇ ಕೊಳೆಯಬೇಕೇ, ನಾಲ್ಕು ಜನ ದೊಡ್ಡವರು ಅವನನ್ನು ನೋಡಬೇಡವೇ? ಮೂವರು ಬೇಡ ಎಂದರು. ಅವರಲ್ಲಿ ನಮ್ಮ ಅಧ್ಯಕ್ಷರು, ಕಟ್ಟೆಮಳಲವಾಡಿಯ ಜವರೇಗೌಡರೂ ಒಬ್ಬರು. ಮೈಸೂರಿನ ಪಂದ್ಯಗಳಲ್ಲಿ ಅರ್ಧ ಬೀಳುವುದು ಸರಿಯಾಗಿ ಬ್ಯಾರನ್ನಿನ ಕಾಲಕ್ಕೆ. "ಬ್ಯಾರನ್ ಉರೀನ ಅರ್ಧಕ್ಕೆ ಬುಟ್ಟು ಬಾಲ್ ಹಾಕಕ್ಕಾಯ್ತದೇನ್ರೀ?" ಎಂದರು ಗೌಡರು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಹುಣಸೂರಿನವರು ಲೀಗು ಬಿಟ್ಟರೆ ತಮ್ಮ ಕ್ಲಬ್ಬನ್ನೂ ಮುಚ್ಚುತ್ತೇವೆ ಎಂದು ಕೆ.ಆರ್. ನಗರದವರು ಹೇಳಿಬಿಟ್ಟಿದ್ದರು. ಆಗ ಲೀಗೇ ಇಲ್ಲ. ಪಿರಿಯಾಪಟ್ಟಣದವರು ಬೇರೆ ಎಲ್ಲಾದರೂ ಸೇರಿಕೊಂಡಾರು. ಚಿಕ್ಕಬೊಮ್ಮನ ಹುಡುಗರನ್ನು ಯಾರು ಕರೆಯುತ್ತಾರೆ? ಮೂರಕ್ಕೆ ಮೂರು ಆದ ಮೇಲೆ ಆರು ಜನವೂ ತಿರುಗಿ ನನ್ನನ್ನು ನೋಡಿದರು. ಏಳನೆಯ ವೋಟು ನನ್ನದು.

ಒಂದು ಶರ್ಟ್ ಕೊಳ್ಳಲು ಮೂರು ಸಲ ಅಂಗಡಿಗೆ ಹೋಗಿ, ನಾಲ್ಕನೆಯ ಸಲ ಹೋದಾಗ ಅದು ಮಾರಾಟವಾಗಿರುವುದನ್ನು ಕಂಡು ನೆಮ್ಮದಿಯಿಂದ ಹಿಂತಿರುಗುವವನು ನಾನು. ಯೋಚಿಸಿ ಹೇಳುತ್ತೇನೆ ಎಂದೆ. ಹನ್ನೆರಡು ದಿನ ಯೋಚಿಸಿದೆ. ಹೋಗೋಣ ಎಂದರೆ ಚಿಕ್ಕಬೊಮ್ಮನ ಮುಖ, ಬೇಡ ಎಂದರೆ ಮಂಜನ ಮುಖ. ಇದಕ್ಕಿಂತ ಕಷ್ಟದ ಪ್ರಶ್ನೆ ಕೇಳಿದವಳು ಸರೋಜ. "ನಿಮಗೆ ಬೇಜಾರಿರೋದು ಕೋಟೆ ಹುಡುಗರ ಬಗ್ಗೆನೋ, ಕಳಲೆ ಪಲ್ಯದ ಬಗ್ಗೆನೋ?" ಎಂದಳು. ಎರಡೂ ಇತ್ತು. ಯಾವುದು ಎಷ್ಟು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಹದಿಮೂರನೆಯ ದಿನ ಭಾನುವಾರ, ಹ್ಯಾಂಡ್‌ಪೋಸ್ಟಿನಲ್ಲಿ ಆ ಸಲದ ಕೊನೆಯ ಪಂದ್ಯ. ಎಂದಿನಂತೆ ಗೆದ್ದೆವು. ಮನಸ್ಸಿನಲ್ಲಿ ಒಂದೂ ನೆಟ್ಟಗಿಲ್ಲದೆ ನಾನು ಸಾರಿನ ಬಕೆಟ್ ಹಿಡಿದು ಹೊರಟೆ. ಚಿಕ್ಕಬೊಮ್ಮನ ಎಲೆಯ ಮುಂದೆ ಬಂದಾಗ ಅವನು ಕೇಳದೆಯೇ ಇನ್ನೊಂದು ಸೌಟು ಹಾಕಿದೆ. ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿ ತಲೆ ಎತ್ತಿದ. "ಮೈಸೂರಿಂದ ಕಾಗ್ದ ಬಂದದಂತಲ್ಲ ಸಾ," ಎಂದ. ಬಂದಿದೆ, ಇನ್ನೂ ಏನೂ ತೀರ್ಮಾನವಾಗಿಲ್ಲ, ನೋಡೋಣ ಎಂದು ನಾನು ತಡವರಿಸಿದೆ. ಅವನು ನಮ್ಮ ಬೆಂಚಿನ ಏಳು ಜನ ಬಡಿಸುತ್ತಿದ್ದ ಕಡೆ ಒಮ್ಮೆ ನೋಡಿದ.

"ಓಗಿ ಸಾ. ಆಡೋರ್ನ ಕರ್ಕೊಂಡು ನೀವು ಮೈಸೂರ್ಗೆ ಓಗಿ. ಕುಂತಿರೋರ್ನ ನಮಗೆ ಬುಟ್ಟೋಗಿ. ಏಳು ಜನ ಅವ್ರೆ, ಕುಂತು ಕುಂತು ಅವರ್ಗೂ ಸಾಕಾಗದೆ. ನಾವೂ ಇನ್ನೊಂದ್ಸಲ ಗೆದ್ದು ನಿಮ್ಮೂರೋರಿಗೆ ಬಡಿಸ್ಬೇಕಲ್ವಾ ಮತ್ತೆ?"

ಹನ್ನೆರಡು ದಿನ ನಾನು ತಲೆ ಕೆಡಿಸಿಕೊಂಡದ್ದನ್ನು ಅವನು ಒಂದು ಮುದ್ದೆ ಮುಗಿಸುವುದರೊಳಗೆ ಬಗೆಹರಿಸಿದ್ದ. ಬೆಂಚಿನ ಏಳು ಜನ ಹುಣಸೂರಿನ ಎರಡನೆಯ ತಂಡವಾಗಿ ಇಲ್ಲೇ ಆಡಿದರೆ ಲೀಗು ಉಳಿಯುತ್ತದೆ. ಲೀಗಿನ ನಿಯಮಾವಳಿ ಬರೆದವನು ನಾನೇ. ಒಂದು ಕ್ಲಬ್ಬಿನ ಎರಡನೆಯ ತಂಡ ಆಡಬಾರದು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಹೊಳೆದಿದ್ದರೆ ಖಂಡಿತ ಬರೆದಿರುತ್ತಿದ್ದೆ. ಮಾರನೆಯ ದಿನ ಸಮಿತಿಯಲ್ಲಿ ಚಿಕ್ಕಬೊಮ್ಮನ ಮಾತನ್ನು ಒಪ್ಪಿಸಿದೆ, ಕೈ ಎತ್ತಿದೆ. ಹೊಗೆಸೊಪ್ಪಿನ ಇಬ್ಬರು ಸರದಿಯ ಮೇಲೆ ಬ್ಯಾರನ್ ಕಾಯುವುದು, ಒಬ್ಬ ಉರಿ ನೋಡಿಕೊಂಡರೆ ಇನ್ನೊಬ್ಬ ಮೈಸೂರಿಗೆ ಬರುವುದು, ಖಾಲಿ ಬಿದ್ದ ಜಾಗಕ್ಕೆ ಆ ದಿನ ಬೆಂಚಿನ ಒಬ್ಬನನ್ನು ಕರೆಯುವುದು ಎಂದಾಯಿತು. ಗೌಡರು ಗೊಣಗಿ ಒಪ್ಪಿದರು. ಸೂಚನೆ ಯಾರದೆಂದು ನಾನು ಹೇಳಿದ್ದರೂ ನಡವಳಿ ಪುಸ್ತಕದಲ್ಲಿ ಅದು ಕಾರ್ಯದರ್ಶಿಯವರ ಸೂಚನೆ ಎಂದು ದಾಖಲಾಗಿದೆ. ಪುಸ್ತಕ ಬರೆಯುವವನೂ ನಾನೇ.

ಮೈಸೂರಿನ ಮೊದಲ ಪಂದ್ಯದಲ್ಲಿ ಹೇಗೆ ಸೋತೆವೆಂಬುದನ್ನು ಬಿಡಿಸಿ ಹೇಳುವುದಿಲ್ಲ. ಹಲಗೆಯ ನೆಲ, ಮೇಲೆ ಚಾವಣಿ, ಮಂಜನಿಗಿಂತ ಉದ್ದನೆಯ ನಾಲ್ಕು ಜನ. ಪಂದ್ಯ ಮುಗಿಯಿತು, ಅವರು ಕೈ ಕುಲುಕಿದರು, ಚೀಲ ಹೆಗಲಿಗೇರಿಸಿ ಹೊರಟರು. ನಾವು ಮಾತ್ರ ಕೈಕಾಲು ತೊಳೆದು, ಗೋಡೆಯ ಪಕ್ಕ ಸಾಲಾಗಿ ನಿಂತೇ ಇದ್ದೆವು. ಏನನ್ನು ಕಾಯುತ್ತಿದ್ದೇವೆಂದು ಸ್ವಲ್ಪ ಹೊತ್ತಾದ ಮೇಲೆ ಎಲ್ಲರಿಗೂ ಒಟ್ಟಿಗೇ ಗೊತ್ತಾಯಿತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಿತ್ರಾನ್ನ ತಿನ್ನುತ್ತಿರುವಾಗ ನನ್ನ ಫೋನಿಗೆ ಒಂದು ಫೋಟೊ ಬಂತು. ಹ್ಯಾಂಡ್‌ಪೋಸ್ಟಿನಲ್ಲಿ ಸೋತ ನಮ್ಮ ಏಳು ಜನ ಮೊದಲ ಪಂಕ್ತಿಯಲ್ಲಿ ಕೂತಿದ್ದಾರೆ. ಚಿಕ್ಕಬೊಮ್ಮ ಬಕೆಟ್ ಹಿಡಿದು ನಿಂತಿದ್ದಾನೆ. ಅವನು ಅಷ್ಟು ಅಗಲವಾಗಿ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನನಗೆ ಸಂತೋಷವಾಯಿತು. ಎಲೆಯ ಮೂಲೆಯಲ್ಲಿ ಕಳಲೆ ಪಲ್ಯವೂ ಕಂಡಿತು.

ಎರಡನೆಯ ಪಂದ್ಯ ನಮ್ಮೂರಿನಲ್ಲಿ. ಗೆಲ್ಲುತ್ತೇವೆಂಬ ಆಸೆಯಿಂದ ಗೌಡರು ಭರ್ಜರಿ ಅಡುಗೆ ಮಾಡಿಸಿದ್ದರು. ನೋಡಲು ಚಿಕ್ಕಬೊಮ್ಮನೂ ತನ್ನ ತಂಡ ಕಟ್ಟಿಕೊಂಡು ಬಂದಿದ್ದ. ಈ ಸಲ ಕೊನೆಯ ನಿಮಿಷದವರೆಗೂ ಸಮಸಮವಾಗಿ ಆಡಿ ಸೋತೆವು. ಮೈಸೂರಿನವರೇ ಬಂದು ಮಂಜನ ಬೆನ್ನು ತಟ್ಟಿ, ಎಲ್ಲಿ ಕಲಿತದ್ದು ಎಂದು ಕೇಳಿದರು. ಟೈರಿನಲ್ಲಿ ಎಂದ. ಆಮೇಲೆ ಅವರೂ ನಾವೂ ಎಲೆಗಳ ಮುಂದೆ ನಿಂತೆವು. ನಿಯಮದ ಪ್ರಕಾರ ನಾವು ಕೂರಬೇಕು, ಅವರು ಬಡಿಸಬೇಕು. ಆದರೆ ಮನೆಗೆ ಬಂದ ನೆಂಟರ ಕೈಗೆ ಬಕೆಟ್ ಕೊಡುವುದು ಹೇಗೆ? ಹೇಳಲೇ, ಬೇಡವೇ, ಈ ಸಲ ಬಿಟ್ಟು ಮುಂದಿನ ಸಲ ಹೇಳಲೇ ಎಂದು ನಾನು ಟವಲು ಹಿಂಡುತ್ತಾ ನಿಂತೆ. ಅಷ್ಟರಲ್ಲಿ ಚಿಕ್ಕಬೊಮ್ಮ ಬಂದು, ಬಕೆಟ್ಟನ್ನು ಎತ್ತಿ ಮೈಸೂರಿನ ಕ್ಯಾಪ್ಟನ್ನಿನ ಕೈಗೆ ಕೊಟ್ಟ. "ಗೆದ್ದೋರು ಬಡಿಸ್ಬೇಕು ಸಾ. ಸೋತೋರಿಗೆ ಹಸಿವು ಜಾಸ್ತಿ ಕಣಿ," ಎಂದ.

ಆ ಕ್ಯಾಪ್ಟನ್ ಬಕೆಟ್ಟನ್ನೂ ಅವನನ್ನೂ ಒಂದು ಸಲ ನೋಡಿದ. ಆಮೇಲೆ ಶೂ ಬಿಚ್ಚಿದ, ನನ್ನ ಟವಲನ್ನೇ ಈಸಿಕೊಂಡು ಸೊಂಟಕ್ಕೆ ಸುತ್ತಿದ. ಅವನ ಹಿಂದೆ ಉಳಿದವರೂ ಬಂದರು. ಅಷ್ಟೆತ್ತರದಿಂದ ಸಾರು ಬಿಟ್ಟರೆ ಅದು ಎಲೆಯ ಮೇಲಷ್ಟೇ ಬೀಳುವುದಿಲ್ಲ. ನನ್ನ ಬಿಳಿ ಶರ್ಟಿನ ಮೇಲೆ ಅದರ ಗುರುತು ಈಗಲೂ ಇದೆ. ನಾಲ್ಕನೆಯ ಎಲೆಯ ಹೊತ್ತಿಗೆ ಕ್ಯಾಪ್ಟನ್ ಬಗ್ಗುವುದನ್ನು ಕಲಿತ. ಸಾರು ಮುಗಿಸಿ ಮುದ್ದೆಯ ಪಾತ್ರೆ ಹಿಡಿದು ಮತ್ತೆ ನನ್ನ ಮುಂದೆ ಬಂದಾಗ, ಮುಂದಿನ ಪಂದ್ಯ ನಮ್ಮಲ್ಲಿ, ನಾವೂ ಏನಾದರೂ ಅಡುಗೆ ಮಾಡಿಸುತ್ತೇವೆ ಎಂದ. ಆಮೇಲೆ ಕೇಳಿದ: "ಬರೋ ವರ್ಷವೂ ನಮ್ಮ ಲೀಗಲ್ಲೇ ಇರ್ತೀರ ತಾನೆ ಸರ್?"

ಸಮಿತಿಯಲ್ಲಿಟ್ಟು ಹೇಳುತ್ತೇನೆ ಎನ್ನಬೇಕಿತ್ತು. "ಇರ್ತೀವಿ. ಇನ್ನೊಂದು ಅರ್ಧ ಹಾಕಿ," ಎಂದೆ. ಒಂದೇ ಉಸಿರಿಗೆ ಎರಡು ತೀರ್ಮಾನ. ನಾನು ಇದಕ್ಕೆ ಮುಂಚೆ ಹಾಗೆ ಮಾಡಿದ ನೆನಪಿಲ್ಲ. ಮನೆಗೆ ಬಂದು ಹೆಮ್ಮೆಯಿಂದ ಹೇಳಿಕೊಂಡರೆ ಸರೋಜ ಸಕ್ಕರೆಯ ಮಾತ್ರೆ ಕೈಗಿಟ್ಟು, ಬರೋ ವರ್ಷವೂ ಸೋಲೋದಕ್ಕೆ ಒಪ್ಪಿ ಬಂದ್ರಾ ಎಂದಳು. ಒಪ್ಪಿ ಬಂದಿದ್ದೇನೆ. ಇನ್ನು ಜವರೇಗೌಡರಿಗೆ ತಿಳಿಸುವುದೊಂದು ಬಾಕಿ. ಫೋನಿನಲ್ಲಿ ಹೇಳಲೇ, ಕಟ್ಟೆಮಳಲವಾಡಿಗೇ ಹೋಗಿ ಹೇಳಲೇ ಎಂದು ಯೋಚಿಸುತ್ತಿದ್ದೇನೆ. ಇವತ್ತಿಗೆ ಎರಡು ವಾರವಾಯಿತು.