ಸ್ಟೆಪ್ನಿ ಇಲ್ಲದ ಗಾಡಿ

ದೇವರಲ್ಲಿ ಬೇಡಿದ್ದೆಲ್ಲ ನನಗೆ ಸಿಕ್ಕಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಬೇಡದೆಯೇ ಸಿಕ್ಕಿದ್ದನ್ನು ಎಣಿಸಿ ಕೈ ಮುಗಿಯುವುದು ನನ್ನ ರೂಢಿ. ಹಾಗೆ ಬೇಡದೆಯೇ ಸಿಕ್ಕಿದ್ದು ಒಂದು ಸೋಫಾ. ನಾನು ಅದನ್ನು ಸೋಫಾ ಎನ್ನುತ್ತೇನೆ. ನೋಡಿದವರು ಕಾರಿನ ಹಿಂದಿನ ಸೀಟು ಎನ್ನುತ್ತಾರೆ. ಹುನಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ, ಬಸವಣ್ಣನ ಪಟದ ಕೆಳಗೆ, ಅದಕ್ಕೊಂದು ಹಳೆಯ ಇಳಕಲ್ ಸೀರೆ ಹೊದಿಸಿ ಇಟ್ಟಿದ್ದೇನೆ. ಸಂದಿಯಲ್ಲಿ ಕೈ ಹಾಕಿದರೆ ಇವತ್ತಿಗೂ ಶೇಂಗಾ ಸಿಪ್ಪೆ ಸಿಗುತ್ತದೆ. ಪಕ್ಕದ ಮನೆಯ ಗಂಗಕ್ಕ ಅದರ ಮೇಲೆ ಕೂತಾಗಲೆಲ್ಲ ಕೇಳುವುದು ಒಂದೇ ಮಾತು: "ಶಾಂತವ್ವಾ, ಚಹಾ ಆತು, ಗಾಡಿ ಯಾವಾಗ ಬಿಡ್ತೀರಿ?"

ಸೀಟು ಮನೆಗೆ ಬಂದದ್ದಕ್ಕೆ ಕಾರಣ ನಮ್ಮ ಮನೆಯವರು. ಊರಲ್ಲಿ ಅವರದೊಂದು ಗ್ಯಾರೇಜು. ಎಣ್ಣೆಯ ಕಲೆ ಬಿಟ್ಟರೆ ಬೇರೆ ಯಾವ ಕಲೆಯೂ ಇಲ್ಲದ ಮನುಷ್ಯ. ಐವತ್ತು ದಾಟಿದ ಮೇಲೆ ಅವರಿಗೆ ಡ್ರ್ಯಾಗ್ ರೇಸಿನ ಹುಚ್ಚು ಹತ್ತಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ, ಹಸಿರು ದೀಪ ಹತ್ತುತ್ತದೆ, ಕಾಲು ಮೈಲಿ ನೇರ ಓಡುತ್ತವೆ. ತಿರುವಿಲ್ಲ, ಮುರುವಿಲ್ಲ. ನಾನು ಪಂಚಾಕ್ಷರಿಯನ್ನು ನಿಧಾನಕ್ಕೆ ಎಂಟು ಸಲ ಹೇಳುವಷ್ಟರಲ್ಲಿ ಮುಗಿಯುತ್ತದೆ. ಅದೂ ಟಿವಿಯಲ್ಲಿ ಕಾಣುವ ವಿದೇಶದ ಗಾಡಿಗಳಲ್ಲ. ಸಂತೆಗೆ, ದವಾಖಾನೆಗೆ, ಅಮಾವಾಸ್ಯೆಗೆ ಕೂಡಲಸಂಗಮಕ್ಕೆ ಹೋಗಿಬರುವ ನಮ್ಮಂಥವರ ಸಣ್ಣ ಕಾರುಗಳು.

ಎಂಟು ಪಂಚಾಕ್ಷರಿಯ ಆ ಓಟಕ್ಕಾಗಿ ಅವರು ಎಂಟು ತಿಂಗಳು ದುಡಿದರು. ನಾನು ಕುಕ್ಕರಿನ ಮುಂದೆ ನಿಂತು ಸಪ್ಪಳದಲ್ಲೇ ಬೇಳೆ ಬೆಂದದ್ದನ್ನು ತಿಳಿಯುವ ಹಾಗೆ, ಅವರು ಇಂಜಿನ್ನಿಗೆ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ಕೇಳುತ್ತಾರೆ. ಪೂಜೆಗೆ ಕೂತಾಗ ನನ್ನ ಮನಸ್ಸು ಒಲೆಯ ಮೇಲಿನ ಹಾಲಿನ ಕಡೆ ಓಡುತ್ತದೆ, ಅವರದು ಅಲ್ಲಾಡುವುದಿಲ್ಲ. ಈ ವಿಷಯದಲ್ಲಿ ನನಗೆ ಅವರ ಮೇಲೆ ಹೊಟ್ಟೆಕಿಚ್ಚೂ ಇದೆ, ಹೆಮ್ಮೆಯೂ ಇದೆ.

ಓಡಬೇಕಾದರೆ ಗಾಡಿ ಹಗುರಾಗಬೇಕಂತೆ. ಹಿಂದಿನ ಸೀಟು ಹೋಯಿತು, ನೆಲಹಾಸು ಹೋಯಿತು, ಡಿಕ್ಕಿಯ ಸ್ಟೆಪ್ನಿ ಗಾಲಿ ಹೋಯಿತು. ಒಂದು ದಿನ, ಇಪ್ಪತ್ತೆರಡು ವರ್ಷ ಅವರ ಪಕ್ಕ ಕೂತುಬಂದ ನನ್ನ ಸೀಟಿಗೂ ಪಾನಾ ಹಚ್ಚಿದರು.

"ನನ್ನ ಸೀಟರ ಬಿಡ್ರಿ," ಎಂದೆ.

"ಭಾಳ ತೂಕ ಆಗತೈತಿ."

"ಸೀಟಿಂದೋ, ನನ್ನದೋ?"

ಅವರು ನಟ್ಟು ತಿರುಗಿಸಿದರು. ಸ್ಟೇರಿಂಗಿನ ಮುಂದಿದ್ದ ಬಸವಣ್ಣನ ಮೂರ್ತಿಯನ್ನು ಮಾತ್ರ ಕೀಳಲಿಲ್ಲ. ಅಂಗೈಯಷ್ಟು ಹಿತ್ತಾಳೆಯ ಮೂರ್ತಿ. ಅದನ್ನು ಎರಡು ಸಲ ಎತ್ತಿ ತೂಕ ನೋಡಿ ಅಲ್ಲೇ ಇಟ್ಟರು. ಅಷ್ಟಾದರೂ ಭಯವಿದೆಯಲ್ಲ ಎಂದು ನಾನು ಕೈ ಮುಗಿದೆ.

ಇಷ್ಟೆಲ್ಲ ಮಾಡಿದರೂ ಒಂದು ಕೊರತೆ. ನೋಡುವವರೇ ಇಲ್ಲ. ಇಳಕಲ್ ದಾರಿಯಲ್ಲಿ ಕಲ್ಲಿನ ಫ್ಯಾಕ್ಟರಿ ಇಟ್ಟಿರುವ ಸಾಹುಕಾರರೊಬ್ಬರು ತಮ್ಮ ಜಾಗದಲ್ಲಿ ಹಾಕಿಸಿದ ನೇರ ಕಾಂಕ್ರೀಟು ದಾರಿಯನ್ನು ರೇಸಿಗೆ ಬಿಟ್ಟುಕೊಟ್ಟಿದ್ದರು. ಮೊದಲ ಸಲ ಬಂದವರು ಹದಿನೈದು ಮಂದಿ, ಅದರಲ್ಲಿ ಹನ್ನೆರಡು ಜನ ಓಡಿಸುವವರ ಬೀಗರು. ನಮ್ಮ ಕಡೆ ಎತ್ತಿನ ಬಂಡಿಯ ಸ್ಪರ್ಧೆ ಅಂದರೆ ಮರ ಹತ್ತಿ ನೋಡುತ್ತಾರೆ. ಇಲ್ಲಿ ಒಬ್ಬ ಮುದುಕಪ್ಪ ಎಲೆಯಡಿಕೆಗೆ ಸುಣ್ಣ ಹಚ್ಚಿಕೊಂಡು ತಲೆಯೆತ್ತುವಷ್ಟರಲ್ಲಿ ರೇಸು ಮುಗಿದಿತ್ತು. "ಇಷ್ಟಕ್ಕs ನನ್ನ ಇಲ್ಲಿತನಾ ಕರಕೊಂಡ ಬಂದ್ರೇನು?" ಎಂದು ಎದ್ದು ಹೋದ. ಸಾಹುಕಾರರು ನಮ್ಮ ಮನೆಯವರಿಗೆ ಕಡ್ಡಿ ಮುರಿದ ಹಾಗೆ ಹೇಳಿದರು: "ಸಂಗಪ್ಪಣ್ಣಾ, ಇನ್ನೊಂದು ಸಲ ನೋಡ್ತೇನಿ. ಮಂದಿ ಬರಲಿಲ್ಲಂದ್ರ ಆ ಜಾಗಾದಾಗ ಕಲ್ಲು ಒಟ್ಟತೇನಿ."

ಅಂದು ನಮ್ಮ ಮನೆಯವರು ಊಟಕ್ಕೆ ಕೂತು ರೊಟ್ಟಿ ಮುರಿದರು, ತಿನ್ನಲಿಲ್ಲ. ಹೆದ್ದಾರಿಯಲ್ಲಿ ಎಂದೂ ರೇಸು ಓಡಿಸುವುದಿಲ್ಲ ಎಂದು ಸಂಗಮನಾಥನ ಮುಂದೆ ನನ್ನ ಕೈ ಮುಟ್ಟಿ ಆಣೆ ಮಾಡಿದ್ದಾರೆ. ಕಲ್ಲು ಒಟ್ಟಿದರೆ ಅಲ್ಲಿಗೆ ಅವರ ಓಟ ಮುಗಿಯಿತು. ಸೀಟು ಹೋದ ಸಿಟ್ಟು ನನಗಿತ್ತು, ನಿಜ. ಆದರೆ ಆ ತಟ್ಟೆ ನೋಡಿ ಸಿಟ್ಟು ಇಳಿಯಿತು. ಮಂದಿಯನ್ನು ನಾನು ತರುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಮಂದಿ ಸೇರಿಸಲು ನನಗೆ ಗೊತ್ತಿದ್ದದ್ದು ಒಂದೇ ದಾರಿ, ಊಟ. ನಮ್ಮ ಸೋಮವಾರದ ಭಜನಾ ಬಳಗದ ಹೆಂಗಸರನ್ನು ಒಪ್ಪಿಸಿದೆ. ಒಂದು ಟೆಂಪೋ ಗೊತ್ತಾಯಿತು. ನೂರು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಒಂದು ಕ್ಯಾನು ಮಜ್ಜಿಗೆ ಸಿದ್ಧವಾದವು. ಟೆಂಪೋದಲ್ಲಿ ಇಪ್ಪತ್ತು ಜನ, ಸಂದಿ ಇಲ್ಲ. ಕಡಕ್ ರೊಟ್ಟಿ ಕಾಲಿಗೆ ಸಿಕ್ಕರೆ ಪುಡಿ. ಬೆಳಿಗ್ಗೆ ಮನೆಯವರು ಸ್ನಾನಕ್ಕೆ ಹೋದಾಗ ಕಾರಿನ ಹಿಂದೆ ಹೋಗಿ ಡಿಕ್ಕಿಯ ತಳದ ಹಲಗೆ ಎತ್ತಿ ನೋಡಿದೆ. ಸ್ಟೆಪ್ನಿ ಇದ್ದ ಜಾಗ ದುಂಡಗೆ, ಆಳವಾಗಿ, ಖಾಲಿ ಬಿದ್ದಿದೆ! ಬಿಳಿ ಬಟ್ಟೆ ಹಾಸಿ ರೊಟ್ಟಿ ಜೋಡಿಸಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತವು. ಸುತ್ತಲೂ ಡಬ್ಬಿಗಳು, ನಡುವೆ ಮಜ್ಜಿಗೆಯ ಕ್ಯಾನು, ಮೇಲೆ ಹಲಗೆ. ರೇಸು ಶುರುವಾಗುವ ಮೊದಲೇ ಹೋಗಿ ಇಳಿಸಿಕೊಂಡರಾಯಿತು ಎಂದುಕೊಂಡೆ. ಬುತ್ತಿ ಇಲ್ಲದೆ ಮನೆಯ ಗಂಡಸನ್ನು ಹೊರಗೆ ಕಳಿಸಿದ ಹೆಂಗಸು ನಮ್ಮ ವಂಶದಲ್ಲೇ ಇಲ್ಲ.

ಟೆಂಪೋ ದಾರಿಯಲ್ಲಿ ಎರಡು ಸಲ ನಿಂತಿತು. ನಾವು ಮುಟ್ಟುವಷ್ಟರಲ್ಲಿ ಹೆಲ್ಮೆಟ್ಟು, ಬ್ರೇಕು, ಬೆಲ್ಟು ಎಲ್ಲ ತಪಾಸಣೆಯಾಗಿ ಗಾಡಿಗಳು ಹಗ್ಗದ ಆ ಕಡೆ ನಿಂತಿದ್ದವು. ನಮ್ಮನ್ನು ಬಿಡಲಿಲ್ಲ. ಫ್ಯಾಕ್ಟರಿಯ ಕೆಲಸಗಾರರು, ದಾರಿಹೋಕರು ಸೇರಿ ನೂರು ನೂರೈವತ್ತು ಜನರಿದ್ದರು, ಆದರೆ ಅರ್ಧ ಜನ ಬೈಕಿನಿಂದ ಇಳಿದೇ ಇರಲಿಲ್ಲ. ಮೈಕಿನಲ್ಲಿ ಹೊರಗಿನಿಂದ ಕರೆಸಿದ ಒಬ್ಬರು, "ಮಾನ್ಯ ಪ್ರೇಕ್ಷಕರೇ, ಇದೀಗ ವಾಹನ ಸಂಖ್ಯೆ ನಾಲ್ಕು ಮತ್ತು ಏಳು," ಎನ್ನುತ್ತಿದ್ದರು. ಗಾಡಿಗಳು ಓಡಿದವು. ಯಾರೂ ಕೂಗಲಿಲ್ಲ. ಒಂದು ಬೈಕು ಸ್ಟಾರ್ಟ್ ಆಯಿತು. ಸಾಹುಕಾರರು ವಾಚು ನೋಡಿಕೊಂಡರು.

ಗಂಗಕ್ಕನಿಗೆ ತಡೆಯಲಾಗಲಿಲ್ಲ. "ಏ ತಮ್ಮಾ, ನಾಕು ಅಂದ್ರ ಯಾವೂರು? ಏಳು ಯಾರ ಪೈಕಿ? ಗೊತ್ತಿಲ್ಲದ ಯಾರ ಹೆಸರಿಲೆ ಚಪ್ಪಾಳಿ ಹೊಡಿಯೂಣು?"

ಮೈಕಿನವರು ತಬ್ಬಿಬ್ಬಾದರು. "ನನಗೆ ಸಂಖ್ಯೆ ಮಾತ್ರ ಕೊಟ್ಟಿದ್ದಾರೆ."

"ನಮ್ಮ ಶಾಂತವ್ವಗ ಎಲ್ಲಾ ಗೊತ್ತೈತಿ. ಎಲ್ಲಾರೂ ಆಕಿ ಮನ್ಯಾಗ ಉಂಡವರs," ಎಂದು ಗಂಗಕ್ಕ ನನ್ನನ್ನು ಮುಂದಕ್ಕೆ ನೂಕಿಬಿಟ್ಟಳು.

ಭಜನೆಗೆ ಮೈಕು ಹಿಡಿದ ಅಭ್ಯಾಸ ಇತ್ತು. ಶರಣು ಶರಣಾರ್ಥಿ ಎಂದು ಶುರು ಮಾಡಿದೆ. "ಈಗ ನಿಂತದ್ದು ಕೆರೂರಿನ ಗಾಡಿ ನೋಡ್ರಿ. ಹ್ವಾದ ವರ್ಷದ ತನಾ ಸಂತಿಗೆ ಬದನಿಕಾಯಿ ಹೊರತಿತ್ತು. ಬಾಜೂಕ ಬಾದಾಮಿ ಮಾಸ್ತರರದು. ಅದರ ಸೀಟು ತಗದದ್ದು ಅವರ ಹೆಂಡತಿಗೆ ಇನ್ನs ಗೊತ್ತಿಲ್ಲ, ಯಾರೂ ಹೇಳಬ್ಯಾಡ್ರಿ!" ಜನ ನಕ್ಕರು. ಬೈಕಿನಿಂದ ಇಳಿದರು. "ಏ ಕೆರೂರಾ, ಬಿಡಬ್ಯಾಡ!" ಎಂದು ಯಾರೋ ಕೂಗಿದರು. "ಮಾಸ್ತರs, ಮನಿಗೆ ಹೋಗೂದೈತಿ, ಜ್ವಾಕಿ!" ಎಂದು ಇನ್ನೊಬ್ಬರು. ಹಸಿರು ದೀಪ ಹತ್ತಿದಾಗ ಎದ್ದ ಕೂಗಿಗೆ ಕಲ್ಲು ಕೊರೆಯುವ ಮಿಷನ್ನಿನ ಸದ್ದೂ ಅಡಗಿತು. ಊರು ಗೊತ್ತಾದ ಮೇಲೆ ಆ ಹದಿನಾರು ಸೆಕೆಂಡು ಯಾರಿಗೂ ಕಡಿಮೆ ಅನ್ನಿಸಲಿಲ್ಲ. ಫೋನು ಮಾಡಿ ತಮ್ಮ ಮನೆಮಂದಿಯನ್ನು ಕರೆಸಿದವರನ್ನೂ ನಾನು ಕಂಡೆ. ಸಾಹುಕಾರರು ವಾಚು ಮರೆತು ಕಲ್ಲಿನ ಮೇಲೆ ಹತ್ತಿ ನಿಂತಿದ್ದರು. ಮೈಕು ಕೈಗೆ ಬಂದ ಮೇಲೆ ನಾನೂ ಬುತ್ತಿ ಮರೆತಿದ್ದೆ.

ಕೊನೆಗೆ ಉಳಿದವರು ಇಬ್ಬರು. ಒಬ್ಬರು ಗುಳೇದಗುಡ್ಡದ ಮೆಹಬೂಬಣ್ಣ, ಕುಪ್ಪಸದ ಖಣ ನೇಯುವ ಮಗ್ಗದವರು, ಕೆಂಪು ಕಾರು. ಇನ್ನೊಬ್ಬರು ನಮ್ಮ ಮನೆಯವರು. ಗಂಡನ ಹೆಸರನ್ನು ಮೈಕಿನಲ್ಲಿ ಹೇಳುವುದು ಹೇಗೆ? "ಹುನಗುಂದದ ಗಾಡಿ," ಎಂದೆ. "ಹೆಸರ ಹೇಳs ಶಾಂತವ್ವಾ!" ಎಂದು ನಮ್ಮ ಬಳಗವೆಲ್ಲ ಕೂಗಿತು. ನಾಚಿಕೆಗೆ ಮಾತು ತಿರುಗಿಸಲು ಹೋಗಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ರೇಸ್ ಮುಗದ ಮ್ಯಾಲ ಯಾರೂ ಹೋಗಬ್ಯಾಡ್ರಿ. ನೂರು ರೊಟ್ಟಿ, ಎಣ್ಣಿಗಾಯಿ, ಮಜ್ಜಗಿ, ಎಲ್ಲಾ ಈ ಹುನಗುಂದದ ಗಾಡಿ ಹಿಂದ ಸ್ಟೆಪ್ನಿ ಜಾಗಾದಾಗ ಐತಿ!"

ಕಾರಿನೊಳಗಿನ ಹೆಲ್ಮೆಟ್ಟು ಮೆಲ್ಲಗೆ ನನ್ನ ಕಡೆ ತಿರುಗಿತು. ಅಷ್ಟರಲ್ಲಿ ಹಸಿರು ದೀಪ ಹತ್ತಿತು.

ಎಂಟನೆಯ ಪಂಚಾಕ್ಷರಿ ಮುಗಿಯುವ ಮೊದಲೇ ಕೆಂಪು ಕಾರು ಗೆರೆ ದಾಟಿತ್ತು. ನಮ್ಮದು ಅರ್ಧ ಬಾನೆಟ್ಟಿನಷ್ಟು ಹಿಂದೆ. ಗಂಡ ಸೋತದ್ದನ್ನು ನಾನೇ ಸಾರಬೇಕಾಯಿತು. ಗುಳೇದಗುಡ್ಡದವರು ಕುಣಿದರು. ಮೆಹಬೂಬಣ್ಣ ಇಳಿದವರೇ ನಮ್ಮ ಗಾಡಿಯ ಹಲಗೆ ಎತ್ತಿ, ಒಂದೂ ಮುರಿಯದೆ ಕೂತಿದ್ದ ರೊಟ್ಟಿಗಳನ್ನು ನೋಡಿ ಕೈ ಮುಗಿದರು. "ಸಂಗಪ್ಪಣ್ಣಾ, ಇಷ್ಟು ಭಾರ ಹೊತಗೊಂಡು ಓಡೀದಿ ಅಂದ್ರ ಖರೇ ನೀನs ಗೆದ್ದಿ. ನನ್ನ ಗಾಡ್ಯಾಗ ತಿನ್ನಾಕ ಒಂದು ಖಾರ್ದಾಣಿ ಪುಡಕಿನೂ ಇಲ್ಲ."

ಜನ ಕಲ್ಲುಗಳ ಮೇಲೆ ಕೂತು ಉಂಡರು. ಊಟ ಸಾಲದಾದರೂ ಯಾರೂ ಏಳಲಿಲ್ಲ, ಗಾಡಿಗಳ ಮಾತೇ ಮಾತು. ಸಾಹುಕಾರರು ಎರಡನೆಯ ರೊಟ್ಟಿ ಮುರಿಯುತ್ತ, "ಕಲ್ಲು ಬ್ಯಾರೆ ಕಡೆ ಒಟ್ಟತೇನಿ. ಜಾಗಾ ನಿಮ್ಮದs. ಆದ್ರ ಅಕ್ಕಾರು ಮೈಕ್ ಹಿಡೀಬೇಕು," ಎಂದರು. ನಮ್ಮ ಮನೆಯವರು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಪೂರ್ತಿ ತಿಂದರು, ಮತ್ತೊಂದು ಕೇಳಿದರು. ನನಗೆ ಅಷ್ಟು ಸಾಕಾಗಿತ್ತು. ಖಾಲಿ ಡಬ್ಬಿಗಳನ್ನು ಮಾತ್ರ ಅವರು ಕಾರಿಗೆ ಹತ್ತಿಸಿಕೊಳ್ಳಲಿಲ್ಲ. ಅವುಗಳನ್ನು ತೊಡೆಯ ಮೇಲಿಟ್ಟುಕೊಂಡು ಟೆಂಪೋದಲ್ಲಿ ಬಂದೆ.

ಮರುದಿನ ನೋಡಿದರೆ ಸ್ಟೆಪ್ನಿ ಜಾಗದ ಹಲಗೆಗೆ ಚಿಲಕ ಬಡಿದು ಬೀಗ ಜಡಿದಿದ್ದರು. ಕಬ್ಬಿಣದ ಬೀಗ, ಅರ್ಧ ಕಿಲೋ ತೂಗುವುದರಲ್ಲಿ ಅನುಮಾನವಿಲ್ಲ. ನಾನು ಆ ಮಾತು ಆಡಲಿಲ್ಲ. ಕೀಲಿಯನ್ನು ನನ್ನ ಕಣ್ಣಿಗೆ ಬೀಳಬಾರದೆಂದು ದೇವರ ಜಗುಲಿಯಲ್ಲಿ, ವಿಭೂತಿ ಗಟ್ಟಿಯ ಹಿಂದೆ ಬಚ್ಚಿಟ್ಟಿದ್ದಾರೆ. ಜಗುಲಿ ದಿನಾ ಒರೆಸುವವಳು ನಾನು ಎಂಬುದು ಇಪ್ಪತ್ತೆರಡು ವರ್ಷದಲ್ಲಿ ಅವರ ಗಮನಕ್ಕೆ ಬಂದಿಲ್ಲ; ಅದೂ ದೇವರ ದಯೆಯೇ. ಮುಂದಿನ ಸಲಕ್ಕೆ ಹೋಳಿಗೆ ಮಾಡಬೇಕೆಂದಿದ್ದೇನೆ. ಹೋಳಿಗೆಯೂ ದುಂಡಗೇ ಇರುತ್ತದೆ.