ಝಡ್ ಡ್ರೈವಿನ ಮೇಲೆ ಇಂಟು ಮಾರ್ಕ್

ಬೆಳಗ್ಗೆ ಲಾಗಿನ್ ಆದವನೇ ನಮ್ಮ ನಕ್ಷೆಗಾರ ಕಲ್ಲಾಗಿ ಕೂತ. ಆಫೀಸಿನ ನಕ್ಷೆಗಳೆಲ್ಲ ಇರುವ, ಎಲ್ಲರೂ ಹಂಚಿಕೊಂಡು ಬಳಸುವ ಝಡ್ ಡ್ರೈವಿನ ಮೇಲೆ ಕೆಂಪು ಇಂಟು ಮಾರ್ಕ್ ಬಿದ್ದಿತ್ತು.

ಬೇರೆ ಯಾರಾದರೂ ಆಗಿದ್ದರೆ ಕಂಪ್ಯೂಟರಿಗೆ ಒಮ್ಮೆ ಬೈದು ಸುಮ್ಮನಾಗುತ್ತಿದ್ದರು. ಇವನೋ, ಹಿಂದಿನ ಸಂಜೆ ಅದೇ ಡ್ರೈವಿನಲ್ಲಿ ತನ್ನ ಹಳೇ ನಕ್ಷೆಗಳನ್ನು ಅಳಿಸಿ ಚೊಕ್ಕಟ ಮಾಡಿದ್ದ. ಮಾಡು ಅಂತ ಯಾರೂ ಹೇಳಿರಲಿಲ್ಲ. ಇವತ್ತು ನೌಕರಿ ಕಾಯಂ ಮಾಡುವ ಮಾತಿದೆ, ಸಾಹೇಬರ ಕಣ್ಣಿಗೆ ಅಚ್ಚುಕಟ್ಟಾಗಿ ಕಾಣಲಿ ಎಂಬ ಆಸೆ. ಈ ಸಲವೂ ತಪ್ಪಿದರೆ ಮಾವನವರಿಗೆ ಮುಖ ತೋರಿಸುವ ಹಾಗಿರಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಅವರು "ಇನ್ನೂ ಟೆಂಪರರಿನೇನಪ್ಪಾ?" ಎಂದು ಮಗಳ ಕಡೆ ನೋಡುತ್ತಿದ್ದರು.

"ಅಕ್ಕಾ, ಸ್ವಲ್ಪ ಬನ್ನಿ," ಎಂದು ಪಕ್ಕದ ಮೇಜಿನ ಲೆಕ್ಕದ ಅಕ್ಕನನ್ನು ಕರೆದ.

"ಅಯ್ಯೋ, ಏನ್ ಒತ್ತಿದ್ಯೋ?"

"ನಿನ್ನೆ ಸ್ವಲ್ಪ ಅಳಿಸ್ದೆ."

"ಸ್ವಲ್ಪಾನಾ?"

ಅಷ್ಟರಲ್ಲಿ ನಂಗೊತ್ತಪ್ಪ ಬಂದರು. ಯಾವ ಮಾತೆತ್ತಿದರೂ 'ನಂಗೊತ್ತು' ಎನ್ನುವ ಹಿರಿಯ ಗುಮಾಸ್ತರಿಗೆ ಆಫೀಸು ಇಟ್ಟ ಹೆಸರು ಅದು. "ಇದು ನಂಗೊತ್ತು. ಅದರ ಮೇಲೆ ಮಾತ್ರ ಒತ್ಬೇಡ. ಒತ್ತಿದ್ಯೋ, ಉಳಿದಿರೋದೂ ಹೋಯ್ತು."

ಕಾದ ಬಾಣಲೆ ಮುಟ್ಟಿದವನ ಹಾಗೆ ನಕ್ಷೆಗಾರ ಮೌಸಿನಿಂದ ಕೈ ಎಳೆದುಕೊಂಡ.

"ಆಫ್ ಮಾಡಿ ಆನ್ ಮಾಡು," ಎಂದರು ಅಕ್ಕ. ಮಾಡಿದ. ಇಂಟು ಹಾಗೇ ಇತ್ತು. "ಇನ್ನೂ ಬೇಗ ಲಾಗಿನ್ ಆಗು," ಎಂದರು ನಂಗೊತ್ತಪ್ಪ. ಆದ. ಇಂಟು ಇನ್ನಷ್ಟು ಕೆಂಪಗೆ ಕಂಡಿತು. ಸುದ್ದಿ ಹಬ್ಬಿ ಇಡೀ ಆಫೀಸು ಅವನ ಬೆನ್ನ ಹಿಂದೆ ಬಂದು ನಿಂತಿತು. ತಮ್ಮ ಕಂಪ್ಯೂಟರಿನಲ್ಲಿ ಡ್ರೈವ್ ಇದೆಯೋ ಇಲ್ಲವೋ ನೋಡೋಣವೆಂದು ಒಬ್ಬರಿಗೂ ಹೊಳೆಯಲಿಲ್ಲ. ಇನ್ನೊಬ್ಬರ ಫಜೀತಿ ಬಿಟ್ಟು ಯಾರು ಏಳುತ್ತಾರೆ ಹೇಳಿ.

"ಸೇತುವೆ ನಕ್ಷೆನೂ ಅದರಲ್ಲೇ ಇತ್ತಲ್ವಾ?" ಯಾರೋ ಪಿಸುಗುಟ್ಟಿದರು.

ಅದು ಸಾಹೇಬರೇ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದ ನಕ್ಷೆ. ಮಧ್ಯಾಹ್ನ ಗುತ್ತಿಗೆದಾರರ ಕೈಗೆ ಕೊಡಬೇಕಿತ್ತು.

"ಅವರಿಗೆ ಗೊತ್ತಾಗೋ ಮುಂಚೆ ನೀನೇ ಹೋಗಿ ಒಪ್ಕೊ," ಎಂದರು ನಂಗೊತ್ತಪ್ಪ. "ಅವರ ಸ್ವಭಾವ ನಂಗೊತ್ತು."

ಸಾಹೇಬರ ಕೋಣೆಗೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟ. "ಸರ್, ತಪ್ಪಾಗೋಯ್ತು. ಝಡ್ ಡ್ರೈವ್ ಪೂರ್ತಿ ಅಳಿಸ್ಬಿಟ್ಟೆ. ನಿಮ್ಮ ಸೇತುವೆನೂ ಹೋಯ್ತು."

ಸಾಹೇಬರು ಒಮ್ಮೆ ಅವನನ್ನು, ಒಮ್ಮೆ ಮೇಜಿನ ಮೇಲಿನ ಫೋನನ್ನು ನೋಡಿದರು. ಆಮೇಲೆ ಎದ್ದು ಬಂದು ಕುರ್ಚಿ ಎಳೆದು ಕೂರಿಸಿದರು, ತಾವೇ ನೀರು ಕೊಟ್ಟರು. "ಮನುಷ್ಯ ಅಂದ್ಮೇಲೆ ತಪ್ಪಾಗುತ್ತಪ್ಪಾ," ಎಂದು ಗುತ್ತಿಗೆದಾರರಿಗೆ ಫೋನು ಹಚ್ಚಿದರು. "ನಮ್ಮ ಹುಡುಗ ಅಳಿಸ್ಬಿಟ್ಟಿದ್ದಾನೆ. ಮೊದಲಿಂದ ಬರೀಬೇಕು, ಎರಡು ತಿಂಗಳು ಟೈಮ್ ಕೊಡಿ." ಬೈದಿದ್ದರೆ ಚೆನ್ನಾಗಿತ್ತು, ಈ ಪ್ರೀತಿಗೆ ನಕ್ಷೆಗಾರ ಇನ್ನಷ್ಟು ಕುಗ್ಗಿಹೋದ.

ಹೊರಗೆ ಬರುವ ಹೊತ್ತಿಗೆ ಅಕ್ಕ ಕಂಪ್ಯೂಟರ್ ರಿಪೇರಿಯವಳನ್ನು ಫೋನಿನಲ್ಲಿ ಹಿಡಿದಿದ್ದರು. "ನೀವು ಲಾಗಿನ್ ಆದಾಗ ನೆಟ್‌ವರ್ಕ್ ಇನ್ನೂ ಬಂದಿರಲ್ಲ, ಅದಕ್ಕೇ ಡ್ರೈವ್ ಸೇರ್ಕೊಂಡಿಲ್ಲ," ಎಂದಳು ಅವಳು. "ಏನೂ ಅಳಿಸಿಲ್ಲ. ಅದರ ಮೇಲೆ ಎರಡು ಸಲ ಒತ್ತಿ."

ನಕ್ಷೆಗಾರ ಕಣ್ಣು ಮುಚ್ಚಿಕೊಂಡು ಒತ್ತಿದ. ಇಂಟು ಮಾಯವಾಯಿತು, ಡ್ರೈವ್ ತೆರೆದುಕೊಂಡಿತು. "ನಂಗೊತ್ತಿತ್ತು," ಎಂದರು ನಂಗೊತ್ತಪ್ಪ. ತಮಾಷೆ ಮುಗಿಯಿತೆಂದು ಜನ ಬೇಸರದಿಂದ ಚದುರಿದರು.

ಮೊದಲು ಅವನು ಸಾಹೇಬರ ಸೇತುವೆ ನಕ್ಷೆ ತೆರೆದ. ಮೂಲೆಯಲ್ಲಿ ಸಾಹೇಬರ ಹೆಸರಿತ್ತು, ನಡುವೆ ಒಂದು ನದಿ ಇತ್ತು. ಸೇತುವೆ ಇರಲಿಲ್ಲ.

ಓಡಿಹೋಗಿ ಹೇಳಿದ, "ಸರ್, ಡ್ರೈವ್ ಬಂತು. ಏನೂ ಅಳಿಸಿಲ್ಲ. ನಿಮ್ಮ ನದಿನೂ ಹಾಗೇ ಇದೆ."

ಸಾಹೇಬರು ಎದ್ದು ಬಾಗಿಲು ಹಾಕಿದರು. "ಅದನ್ನ ಬೇರೆ ಯಾರಾದ್ರೂ ನೋಡಿದ್ರಾ?"

"ಇಲ್ಲ ಸರ್."

"ಹಾಗಾದ್ರೆ ಹೋಗಿ ಅದೊಂದನ್ನ ಈಗ ನಿಜವಾಗ್ಲೂ ಅಳಿಸು."

"ಸರ್, ಮತ್ತೆ... ನನ್ನ ಕಾಯಂ?"

ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು. "ಇಷ್ಟು ದೊಡ್ಡ ತಪ್ಪು ಮಾಡಿದೋನನ್ನ ಈ ವರ್ಷ ಹೇಗಪ್ಪಾ ಕಾಯಂ ಮಾಡ್ಲಿ?"